ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಓದಿದವರಿಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಅದರಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸವನ್ನೇ ಮಾಡಬೇಕು. ನಾನು ಅದನ್ನು ಮುಗಿಸಿದ್ದು ಕಲಬುರಗಿಯ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ, ಸುಡುವ ಬೇಸಿಗೆಯಲ್ಲಿ.

ಮೊದಮೊದಲು ಕಪಾಟಿನ ಕೆಲಸ. ಅವಧಿ ಬೇಗ ಮುಗಿಯುವ ಔಷಧ ಮುಂದೆ, ಉಳಿದದ್ದು ಹಿಂದೆ. ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡಿ ಬರೆಯುವುದು. ಎಚ್1 ಪಟ್ಟಿಯ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳಿಗೆ ಬೇರೆಯೇ ವಹಿ. ಅದನ್ನು ಮೂರು ವರ್ಷ ಕಾಪಾಡಬೇಕು. ಇವೆಲ್ಲ ಕೈಗೆ ಬೇಗ ಹತ್ತಿದವು.

ಕಷ್ಟವಾದದ್ದು ಕಿಟಕಿಯಲ್ಲಿ ನಿಂತಾಗ. ‘ಟಿಡಿಎಸ್’ ಎಂದರೆ ದಿನಕ್ಕೆ ಮೂರು ಸಲ ಎಂದು ನನಗೆ ಗೊತ್ತಿತ್ತು. ಆದರೆ ಜೇವರ್ಗಿ ಕಡೆಯಿಂದ ಬಂದ ಕೂಲಿಯವರು ಉಣ್ಣುವುದೇ ಎರಡು ಹೊತ್ತು. ‘ಊಟದ ನಂತರ’ ಎಂದರೆ ಅವರು ಎರಡೇ ಮಾತ್ರೆ ನುಂಗುತ್ತಾರೆ. ಅವರ ದಿನಚರಿ ಕೇಳದೆ ಹೊತ್ತು ಹೇಳಬಾರದು ಎಂಬುದನ್ನು ಅಲ್ಲಿ ಕಲಿತೆ.

ಒಂದು ದಿನ ಒಬ್ಬ ಅಜ್ಜಿ ಬಂದರು. ತಪ್ಪದೆ ಇನ್ಸುಲಿನ್ ಚುಚ್ಚಿಕೊಂಡರೂ ಸಕ್ಕರೆ ಇಳಿದಿಲ್ಲ. ವೈದ್ಯರು ಪ್ರಮಾಣ ಏರಿಸಿ 20 ಯೂನಿಟ್ ಮಾಡಿದ್ದರು. ನಮ್ಮ ಹಿರಿಯ ಫಾರ್ಮಾಸಿಸ್ಟ್ ಚೀಟಿ ಬದಿಗಿಟ್ಟು, “ಹೇಗೆ ಎಳೆಯುತ್ತೀರಿ, ತೋರಿಸಿ ಅಮ್ಮ” ಎಂದರು. ಚೀಲದಿಂದ ಹೊರಬಂದ ಸೀಸೆ ಮಿ.ಲೀ.ಗೆ 40 ಯೂನಿಟ್‌ನದು, ಸಿರಿಂಜಿನ ಮುಚ್ಚಳ ಕಿತ್ತಳೆ, ಅಂದರೆ ಮಿ.ಲೀ.ಗೆ 100 ಯೂನಿಟ್‌ನ ಔಷಧಕ್ಕೆ ಗೆರೆ ಹಾಕಿದ್ದು. 40ರ ಸೀಸೆಗೆ ಕೆಂಪು ಮುಚ್ಚಳದ್ದೇ ಬೇಕು. ಕಿತ್ತಳೆಯದರಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಮಿ.ಲೀ.; ಆ ಸೀಸೆಯ ಲೆಕ್ಕದಲ್ಲಿ ಬರೀ 8 ಯೂನಿಟ್.

ನಾನು ತಕ್ಷಣ ಕೆಂಪು ಮುಚ್ಚಳದ ಸಿರಿಂಜು ತೆಗೆದೆ. ಹಿರಿಯರು ನನ್ನ ಕೈ ತಡೆದರು. ಎಂಟಕ್ಕಿಂತ ಹೆಚ್ಚು ಕಾಣದ ದೇಹಕ್ಕೆ ಒಮ್ಮೆಲೇ ಇಪ್ಪತ್ತು ಹೋದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಬಂದೀತು. ಮೊದಲು ವೈದ್ಯರಿಗೆ ಫೋನ್ ಮಾಡಿದರು. ಪ್ರಮಾಣ ಇಳಿಸಿದ ಹೊಸ ಚೀಟಿ ಬಂದ ಮೇಲೆಯೇ ಸಿರಿಂಜು ಬದಲಾಯಿತು. ತಪ್ಪು ಕಂಡುಹಿಡಿದ ಸಂಭ್ರಮದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡುತ್ತಿದ್ದೆ; ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ಸೀಸೆಯನ್ನು ನೀರು ತಾಗದಂತೆ ಕಟ್ಟಿ ಮಣ್ಣಿನ ಮಡಕೆಯ ತಂಪಿನಲ್ಲಿ ಇಡುವ ಬಗೆ ತಿಳಿಸಿದೆವು. ಅಜ್ಜಿ ಹೊಸ ಸಿರಿಂಜಿನಲ್ಲಿ ನೀರು ಎಳೆದು ಅಭ್ಯಾಸ ಮಾಡಿದರು. ಮೂರನೆಯ ಸಲಕ್ಕೆ ಗೆರೆ ಸರಿಯಾಗಿ ನಿಂತಿತು. ಉಳಿದ ಕಿತ್ತಳೆ ಮುಚ್ಚಳದವನ್ನು ಬಿಟ್ಟುಹೋಗಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ, ದುಡ್ಡು ಕೊಟ್ಟು ತಂದದ್ದು. ಹಿರಿಯರು ಅವನ್ನು ಎಣಿಸಿ, ಅಷ್ಟೇ ಕೆಂಪು ಮುಚ್ಚಳದವನ್ನು ಬದಲಿಗೆ ಕೊಟ್ಟು ಕಳುಹಿಸಿದರು.