ಮನೆಗೆಲ್ಲ ಒಂದೇ ಪ್ರಿಂಟರ್: ಕೈಕೊಟ್ಟಾಗ ಎಲ್ಲಿಂದ ನೋಡಬೇಕು

ಮನೆಯಲ್ಲಿ ಪ್ರಿಂಟರ್ ಒಂದು, ವಿಂಡೋಸ್ ಕಂಪ್ಯೂಟರ್ ಮೂರು. ಪ್ರಿಂಟರನ್ನು ಒಂದು ಕಂಪ್ಯೂಟರಿಗೆ ಕೇಬಲ್‌ನಲ್ಲಿ ಜೋಡಿಸಿ, ಉಳಿದವಕ್ಕೆ ನೆಟ್‌ವರ್ಕ್ ಮೂಲಕ ಹಂಚಿಕೊಂಡಿದೆ (ಶೇರ್ ಮಾಡಿದೆ). ನಿನ್ನೆಯವರೆಗೆ ಎಲ್ಲರಿಗೂ ಪ್ರಿಂಟ್ ಬರುತ್ತಿತ್ತು. ಇವತ್ತು ಒಳಕೋಣೆಯ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 'ಆಫ್‌ಲೈನ್' ಅಂತಿದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದರೆ, ಪ್ರಿಂಟರನ್ನು ಪಟ್ಟಿಯಿಂದ ಅಳಿಸಿ ಮತ್ತೆ ಸೇರಿಸಲು ಹೋಗುವುದು. ದಯವಿಟ್ಟು ಅದನ್ನು ಮಾತ್ರ ಮೊದಲು ಮಾಡಬೇಡಿ. ಅಳಿಸಿದ್ದು ಅಳಿಸಿ ಹೋಗುತ್ತದೆ, ಎಷ್ಟೋ ಸಲ ಮತ್ತೆ ಸೇರುವುದಿಲ್ಲ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲೇ ನಲ್ಲಿ ಕಿತ್ತು ಹಾಕುವುದಿಲ್ಲ. ಟ್ಯಾಂಕ್ ತುಂಬಿದೆಯಾ ನೋಡುತ್ತೇವೆ, ಆಮೇಲೆ ವಾಲ್ವ್, ಆಮೇಲೆ ಪೈಪು. ಪ್ರಿಂಟರ್ ವಿಷಯವೂ ಹಾಗೇ. ನೀವು ಕಳಿಸಿದ ಹಾಳೆ ಲ್ಯಾಪ್‌ಟಾಪ್‌ನಿಂದ ರೌಟರಿಗೆ, ಅಲ್ಲಿಂದ ಪ್ರಿಂಟರ್ ಜೋಡಿಸಿದ ಕಂಪ್ಯೂಟರಿಗೆ, ಅಲ್ಲಿಂದ ಕೇಬಲ್ ಮೂಲಕ ಪ್ರಿಂಟರಿಗೆ ಹೋಗಬೇಕು. ಪ್ರಿಂಟರ್ ಕಡೆಯಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ವರ್ಷ ನಮ್ಮ ಮನೆಯ ಮತ್ತು ನೆಂಟರ ಮನೆಯ ಪ್ರಿಂಟರ್‌ಗಳನ್ನು ನೋಡಿದ ಮೇಲೆ ನಾನು ಹಿಡಿದಿರುವ ಕ್ರಮ ಇದು.

ಮೊದಲು ಪ್ರಿಂಟರ್ ಜೋಡಿಸಿರುವ ಕಂಪ್ಯೂಟರಿನ ಮುಂದೆ ಹೋಗಿ ಕೂರಿ. ಅಲ್ಲಿಂದಲೇ ಒಂದು ಟೆಸ್ಟ್ ಪೇಜ್ ಕೊಡಿ. ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ತೆರೆದು, ನಿಮ್ಮ ಪ್ರಿಂಟರ್ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಅಲ್ಲೇ ಪ್ರಿಂಟ್ ಬರದಿದ್ದರೆ ನೆಟ್‌ವರ್ಕ್ ವಿಷಯಕ್ಕೆ ಕೈ ಹಾಕಲೇಬೇಡಿ. ಕೇಬಲ್ ಸಡಿಲ ಆಗಿರಬಹುದು, ಪೇಪರ್ ಸಿಕ್ಕಿಕೊಂಡಿರಬಹುದು. ಯಾರೋ ತಿಳಿಯದೆ 'ಯೂಸ್ ಪ್ರಿಂಟರ್ ಆಫ್‌ಲೈನ್' ಅನ್ನುವುದಕ್ಕೆ ಟಿಕ್ ಹಾಕಿರಬಹುದು, ಇಲ್ಲವೇ 'ಪಾಜ್' (ತಡೆದು ನಿಲ್ಲಿಸು) ಒತ್ತಿರಬಹುದು.

ಜಾಸ್ತಿ ಸಲ ಆಗುವುದು ಇನ್ನೊಂದು. ಹಿಂದೆ ಕಳಿಸಿದ ಯಾವುದೋ ಪ್ರಿಂಟ್ ಅರ್ಧಕ್ಕೆ ನಿಂತು, ಅದರ ಹಿಂದಿನವೆಲ್ಲ ಸಾಲಾಗಿ ಕಾಯುತ್ತಿರುತ್ತವೆ. ಅಳಿಸಲು ಹೋದರೆ 'ಡಿಲೀಟಿಂಗ್' ಅಂತ ಬರೆದುಕೊಂಡು ಅಲ್ಲೇ ಕೂತಿರುತ್ತದೆ. ಇದಕ್ಕೆ ಮದ್ದು ಇದೆ. ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಅಂತ ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ 'ಪ್ರಿಂಟ್ ಸ್ಪೂಲರ್' ಇರುತ್ತದೆ, ಪ್ರಿಂಟ್‌ಗಳನ್ನು ಸಾಲಾಗಿ ನಿಲ್ಲಿಸಿ ಕಳಿಸುವ ಕೆಲಸ ಅದರದ್ದು. ಅದರ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟಾಪ್' ಒತ್ತಿ. ಈಗ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನುವ ಫೋಲ್ಡರ್‌ಗೆ ಹೋಗಿ. ಒಳಗೆ ಹೋಗಲು ಅನುಮತಿ ಕೇಳಿದರೆ ಕೊಡಿ. ಅಲ್ಲಿ ಇರುವ ಕಡತಗಳನ್ನಷ್ಟೇ ಅಳಿಸಿ, ಫೋಲ್ಡರನ್ನು ಅಳಿಸಬೇಡಿ. ಆಮೇಲೆ ಸರ್ವಿಸಸ್‌ಗೆ ಬಂದು ಸ್ಪೂಲರನ್ನು ಮತ್ತೆ 'ಸ್ಟಾರ್ಟ್' ಮಾಡಿ. ಸಾಲು ಖಾಲಿಯಾಗಿರುತ್ತದೆ. ಕಾಯುತ್ತಿದ್ದ ಎಲ್ಲ ಪ್ರಿಂಟ್‌ಗಳೂ ಅಳಿಸಿ ಹೋಗುತ್ತವೆ, ಆದ್ದರಿಂದ ಮನೆಯವರಿಗೆ ಒಂದು ಮಾತು ಹೇಳಿ ಮಾಡಿ.

ಅಲ್ಲಿ ಪ್ರಿಂಟ್ ಚೆನ್ನಾಗಿ ಬಂತು ಅನ್ನಿ. ಮುಂದಿನ ಪ್ರಶ್ನೆ, ಆ ಕಂಪ್ಯೂಟರ್ ಎಚ್ಚರವಾಗಿದೆಯಾ? ಕೇಬಲ್‌ನಲ್ಲಿ ಜೋಡಿಸಿದ ಪ್ರಿಂಟರ್ ತಾನಾಗಿ ನೆಟ್‌ವರ್ಕಿನಲ್ಲಿ ಇರುವುದಿಲ್ಲ. ಆ ಕಂಪ್ಯೂಟರ್ ಎದ್ದಿದ್ದರೆ ಮಾತ್ರ ಅದು ಇನ್ನೊಬ್ಬರಿಗೆ ಕಾಣುತ್ತದೆ. ಅದು ನಿದ್ದೆಗೆ ಹೋದ ಕೂಡಲೇ ಉಳಿದವರಿಗೆ 'ಆಫ್‌ಲೈನ್' ಕಾಣಿಸುತ್ತದೆ. 'ಬೆಳಿಗ್ಗೆ ಬರುತ್ತದೆ, ಸಂಜೆ ಬರಲ್ಲ' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಪವರ್ ಸೆಟ್ಟಿಂಗ್ಸ್‌ನಲ್ಲಿ, ಕರೆಂಟಿಗೆ ಜೋಡಿಸಿದ್ದಾಗ ನಿದ್ದೆಗೆ ಹೋಗುವುದು 'ನೆವರ್' ಅಂತ ಇಡಿ. ಪರದೆ ಆರಿದರೆ ತೊಂದರೆ ಇಲ್ಲ, ಕಂಪ್ಯೂಟರ್ ಮಲಗಬಾರದು ಅಷ್ಟೇ.

ಇನ್ನು ರೌಟರ್ ಕಡೆ ಬನ್ನಿ. ಎರಡೂ ಕಂಪ್ಯೂಟರ್ ಒಂದೇ ನೆಟ್‌ವರ್ಕಿನಲ್ಲಿ ಇವೆಯಾ? 'ಎರಡಕ್ಕೂ ಇಂಟರ್ನೆಟ್ ಬರ್ತಿದೆ, ಅಂದಮೇಲೆ ಒಂದೇ ಅಲ್ವಾ' ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಒಮ್ಮೆ ರಾತ್ರಿ ಮೊಮ್ಮಗಳು ಒಂದು ಅರ್ಜಿ ಪ್ರಿಂಟ್ ಮಾಡಬೇಕಿತ್ತು, ಕಳಿಸಲು ಬೆಳಿಗ್ಗೆಯೇ ಕೊನೆ. ಅವಳ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣಿಸುತ್ತಲೇ ಇಲ್ಲ. ಇಂಟರ್ನೆಟ್ ಜೋರಾಗಿ ಓಡುತ್ತಿದೆ. ನಾನು ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ, 'ಐಪಿವಿ4 ಅಡ್ರೆಸ್' (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ಐಪಿ ವಿಳಾಸ) ಅನ್ನುವ ಸಾಲನ್ನು ಚೀಟಿಯಲ್ಲಿ ಬರೆದುಕೊಂಡೆ. ಒಂದು 192.168.1.12, ಇನ್ನೊಂದು 192.168.0.105. ಮೂರನೆಯ ಅಂಕಿ ನೋಡಿ, ಒಂದರಲ್ಲಿ 1, ಇನ್ನೊಂದರಲ್ಲಿ 0. ಎರಡೂ ಬೇರೆ ಬೇರೆ ಬೀದಿಯಲ್ಲಿ ಇದ್ದ ಹಾಗೆ. ಒಳಕೋಣೆಗೆ ಸಿಗ್ನಲ್ ಸಾಲದು ಅಂತ ಹಾಕಿದ್ದ ಎರಡನೆಯ ರೌಟರ್ ತನ್ನದೇ ಪ್ರತ್ಯೇಕ ನೆಟ್‌ವರ್ಕ್ ಮಾಡಿಕೊಂಡಿತ್ತು. ಲ್ಯಾಪ್‌ಟಾಪನ್ನು ಮೊದಲ ರೌಟರಿನ ವೈಫೈಗೆ ಸೇರಿಸಿದೆವು, ಅರ್ಜಿ ಬಂತು. ಮಾರನೆಯ ದಿನ ಎರಡನೆಯ ರೌಟರನ್ನು 'ಆಕ್ಸೆಸ್ ಪಾಯಿಂಟ್' ಆಗಿ ಬದಲಿಸಿದೆ, ಅಂದರೆ ಮೊದಲ ರೌಟರಿನ ನೆಟ್‌ವರ್ಕನ್ನೇ ಅದು ಮುಂದಕ್ಕೆ ಹರಡುವ ಹಾಗೆ. ಅಂದಿನಿಂದ ಮನೆಯೆಲ್ಲ ಒಂದೇ ನೆಟ್‌ವರ್ಕ್.

ಗೆಸ್ಟ್ ವೈಫೈ ಕೂಡ ಇದೇ ರೀತಿ ಮಾಡುತ್ತದೆ. ಬಂದವರು ಮನೆಯ ಕಂಪ್ಯೂಟರ್ ಮುಟ್ಟದಿರಲಿ ಅಂತಲೇ ಅದನ್ನು ಮಾಡಿರುವುದು, ಹಾಗಾಗಿ ಅದರಲ್ಲಿ ಕೂತು ಪ್ರಿಂಟರ್ ಹುಡುಕಿದರೆ ಸಿಗುವುದಿಲ್ಲ. ವಿಳಾಸ 169.254 ಅಂತ ಶುರುವಾಗಿದ್ದರೆ ಆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ಆಗ ರೌಟರನ್ನು ಆರಿಸಿ ಮತ್ತೆ ಹಚ್ಚಿ. ಕಚೇರಿ ಕೆಲಸದ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಕಚೇರಿಯ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ) ಹಾಕಿದೆಯಾ ನೋಡಿ. ಅದು ಓಡುತ್ತಿರುವಾಗ ಮನೆಯ ಪ್ರಿಂಟರ್ ಕಾಣದೇ ಇರುವುದು ಸಾಮಾನ್ಯ.

ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದೂ ಒಂದಕ್ಕೊಂದು ಕಾಣದಿದ್ದರೆ, ವಿಂಡೋಸ್ ತಾನೇ ಬಾಗಿಲು ಹಾಕಿಕೊಂಡಿರುತ್ತದೆ. ವೈಫೈಗೆ ಸೇರುವಾಗ ಅದು 'ಪಬ್ಲಿಕ್' ಅಥವಾ 'ಪ್ರೈವೇಟ್' ಅಂತ ಒಂದು ಗುರುತು ಇಟ್ಟುಕೊಳ್ಳುತ್ತದೆ. ಪಬ್ಲಿಕ್ ಅಂದರೆ ರೈಲು ನಿಲ್ದಾಣದಲ್ಲಿ ಕೂತ ಹಾಗೆ, ಯಾರಿಗೂ ಮುಖ ತೋರಿಸುವುದಿಲ್ಲ. ಮನೆಯ ವೈಫೈಯನ್ನು ಎರಡೂ ಕಂಪ್ಯೂಟರಿನಲ್ಲಿ 'ಪ್ರೈವೇಟ್' ಮಾಡಿ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ರೌಟರ್ ಬದಲಾಯಿಸಿದ ಮೇಲೆ ಪ್ರಿಂಟರ್ ನಿಂತುಹೋಗಿದ್ದರೆ ನಾನು ಮೊದಲು ನೋಡುವ ಜಾಗ ಇದೇ. ಹೊಸ ರೌಟರ್ ಅಂದರೆ ವಿಂಡೋಸ್‌ಗೆ ಹೊಸ ನೆಟ್‌ವರ್ಕ್, ಹೊಸದನ್ನು ಅದು ಸುಮ್ನೆ ನಂಬುವುದಿಲ್ಲ.

ಆ್ಯಂಟಿವೈರಸ್ ಜೊತೆ ಬಂದ ಬೇರೆ ಫೈರ್‌ವಾಲ್ (ನೆಟ್‌ವರ್ಕಿನಿಂದ ಬರುವವರನ್ನು ತಡೆಯುವ ಕಾವಲು) ಇದ್ದರೆ ಅದರಲ್ಲೂ ಮನೆಯ ನೆಟ್‌ವರ್ಕನ್ನು ನಂಬಿಕೆಯದು ಅಂತ ಗುರುತು ಮಾಡಬೇಕಾಗುತ್ತದೆ. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ಕೇಳಬೇಡಿ. ಒಂದು ಪ್ರಿಂಟ್‌ಗೋಸ್ಕರ ಮನೆಯ ಕದ ತೆಗೆದಿಟ್ಟು ಮಲಗುವುದು ಬೇಡ.

ಈಗ ಬರುವುದು ಎಲ್ಲರನ್ನೂ ಸುಸ್ತು ಮಾಡುವ ಘಟ್ಟ. ಪ್ರಿಂಟರ್ ಕಾಣುತ್ತದೆ, ಒತ್ತಿದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ, ಎಷ್ಟು ಸಲ ಹಾಕಿದರೂ ತಪ್ಪು ಅನ್ನುತ್ತದೆ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ದಿನಾ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ನೆಟ್‌ವರ್ಕಿನಿಂದ ಬರುವವರಿಗೆ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಿನ್ ಬಳಸಿ ಬಳಸಿ ಆ ಪಾಸ್‌ವರ್ಡ್ ಎಷ್ಟೋ ಜನರಿಗೆ ಮರೆತೇ ಹೋಗಿರುತ್ತದೆ. ಎರಡು, ಖಾತೆಗೆ ಪಾಸ್‌ವರ್ಡೇ ಇಲ್ಲ, ಖಾಲಿ ಬಿಟ್ಟಿದ್ದೀರಿ ಅಂದರೆ ಅದೂ ಆಗುವುದಿಲ್ಲ. ಖಾಲಿ ಪಾಸ್‌ವರ್ಡ್ ಇರುವ ಖಾತೆಯನ್ನು ವಿಂಡೋಸ್ ಎದುರಿಗೆ ಕೂತವರಿಗೆ ಮಾತ್ರ ತೆರೆಯುತ್ತದೆ, ಹೊರಗಿನಿಂದ ಬಂದವರಿಗೆ ಇಲ್ಲ. ಯಾವ ಖಾತೆಯೂ ಬೇಡ ಅಂತ ಗೆಸ್ಟ್ ಆಗಿ ಒಳಗೆ ಹೋಗುವ ಹಳೆಯ ದಾರಿಯನ್ನು ವಿಂಡೋಸ್ 11ರ 24ಎಚ್2 ಆವೃತ್ತಿ 'ವಿಂಡೋಸ್ ಪ್ರೊ' ಇರುವ ಕಂಪ್ಯೂಟರ್‌ಗಳಲ್ಲೂ ಮುಚ್ಚಿದೆ.

ನಾನು ಮಾಡಿರುವ ಏರ್ಪಾಡು ಹೇಳುತ್ತೇನೆ. ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಪ್ರಿಂಟಿಗೆಂದೇ ಒಂದು ಲೋಕಲ್ ಖಾತೆ (ಆ ಕಂಪ್ಯೂಟರಿಗೆ ಮಾತ್ರ ಸೇರಿದ್ದು) ಮಾಡಿದ್ದೇನೆ. ಅಡ್ಮಿನ್ ಅಧಿಕಾರ ಕೊಟ್ಟಿಲ್ಲ, ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದೇನೆ. ಉಳಿದ ಕಂಪ್ಯೂಟರ್‌ಗಳಲ್ಲಿ 'ಕ್ರೆಡೆನ್ಶಿಯಲ್ ಮ್ಯಾನೇಜರ್' (ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಜಾಗ) ತೆರೆದು, 'ವಿಂಡೋಸ್ ಕ್ರೆಡೆನ್ಶಿಯಲ್ಸ್' ಕೆಳಗೆ ಆ ಕಂಪ್ಯೂಟರಿನ ಹೆಸರು, ಖಾತೆಯ ಹೆಸರು, ಪಾಸ್‌ವರ್ಡ್ ಸೇರಿಸಿದ್ದೇನೆ. ಖಾತೆಯ ಹೆಸರಿನ ಮುಂದೆ ಕಂಪ್ಯೂಟರಿನ ಹೆಸರು, ನಡುವೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಯಾವ ಯಂತ್ರದ ಖಾತೆ ಅನ್ನುವ ಗೊಂದಲ ಇರುವುದಿಲ್ಲ. ಹಳೆಯ ತಪ್ಪು ಪಾಸ್‌ವರ್ಡ್ ಅಲ್ಲಿ ಉಳಿದಿದ್ದರೆ ಅದನ್ನು ಮೊದಲು ತೆಗೆಯಿರಿ. ವಿಂಡೋಸ್ ಕೇಳದೇ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ.

ಹೆಸರಿನ ಮಾತು ಬಂತಲ್ಲ, ಪ್ರಿಂಟರನ್ನು ಶೇರ್ ಮಾಡುವಾಗ ಕೊಡುವ ಹೆಸರು ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ. ಕಂಪ್ಯೂಟರಿನ ಹೆಸರೂ 15 ಅಕ್ಷರದೊಳಗೆ ಇರಲಿ. ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೂ ರನ್ ಕಿಟಕಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕಂಪ್ಯೂಟರಿನ ಹೆಸರು ಬರೆದು ಎಂಟರ್ ಒತ್ತಿ. ಬಾಗಿಲು ತೆರೆದಿದ್ದರೆ ಪ್ರಿಂಟರ್ ಅಲ್ಲೇ ಇರುತ್ತದೆ. ಹೆಸರಿನಿಂದ ಆಗದೆ ಐಪಿ ವಿಳಾಸದಿಂದ ತೆರೆದರೆ, ದಾರಿ ಸರಿಯಿದೆ, ಹೆಸರು ಹುಡುಕುವುದರಲ್ಲಿ ಮಾತ್ರ ತೊಂದರೆ ಅಂತ ತಿಳಿಯಿರಿ.

ಎಲ್ಲ ಸರಿಯಿದ್ದೂ ಸೇರಿಸುವಾಗ ಕೊನೆಯಲ್ಲಿ 11ಬಿ ಇರುವ ಉದ್ದದ ದೋಷ ಸಂಖ್ಯೆ ಬಂದರೆ, ಅದು ನಿಮ್ಮ ತಪ್ಪಲ್ಲ. 2021ರಲ್ಲಿ ಇದೇ ಪ್ರಿಂಟ್ ಸ್ಪೂಲರಿನಲ್ಲಿ ದೊಡ್ಡ ಭದ್ರತಾ ಲೋಪ ಸಿಕ್ಕಿತು, ಅದನ್ನು 'ಪ್ರಿಂಟ್‌ನೈಟ್‌ಮೇರ್' ಅಂತ ಕರೆದರು. ಅದಾದ ಮೇಲೆ ಮೈಕ್ರೋಸಾಫ್ಟ್ ಒಂದರ ಹಿಂದೆ ಒಂದು ಬಿಗಿ ಮಾಡುತ್ತಾ ಹೋಯಿತು. ಆಗಸ್ಟ್ ತಿಂಗಳಿನ ಅಪ್‌ಡೇಟ್ ನಂತರ ಶೇರ್ ಆದ ಪ್ರಿಂಟರಿನ ಡ್ರೈವರ್ (ಪ್ರಿಂಟರ್ ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಹಾಕಲು ಅಡ್ಮಿನ್ ಅಧಿಕಾರ ಬೇಕಾಯಿತು. ಸೆಪ್ಟೆಂಬರ್ ಅಪ್‌ಡೇಟ್ ನಂತರ ಈ 11ಬಿ ದೋಷ ಬಹಳ ಕಡೆ ಕಾಣಿಸಿಕೊಂಡಿತು. ಒಂದು ಕಂಪ್ಯೂಟರ್ ಹೊಸ ನಿಯಮದಲ್ಲಿ, ಇನ್ನೊಂದು ಹಳೆಯದರಲ್ಲಿ ಇದ್ದರೆ ಇಬ್ಬರ ಮಾತು ಕೂಡುವುದಿಲ್ಲ. ಮೊದಲು ಎರಡಕ್ಕೂ ಎಲ್ಲ ಅಪ್‌ಡೇಟ್ ಹಾಕಿ, ಎರಡನ್ನೂ ರೀಸ್ಟಾರ್ಟ್ ಮಾಡಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಜಾಗ) ಒಂದು ಅಂಕಿ ಬದಲಿಸಿ ಆ ಬಿಗಿಯನ್ನೇ ತೆಗೆಯುವ ಉಪಾಯವೂ ಇದೆ, ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಬದಲು ಲ್ಯಾಪ್‌ಟಾಪ್‌ನಲ್ಲಿ ತಯಾರಕರ ಡ್ರೈವರನ್ನು ಮೊದಲು ಹಾಕಿಕೊಳ್ಳಿ. ಆಮೇಲೆ ಪ್ರಿಂಟರ್ ಸೇರಿಸುವಾಗ 'ಲೋಕಲ್ ಪೋರ್ಟ್' ಆಯ್ದು, ಪೋರ್ಟಿನ ಹೆಸರಿನ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು ಬರೆಯಿರಿ. ಎಷ್ಟೋ ಸಲ ಇದರಿಂದಲೇ ಕೆಲಸ ಆಗುತ್ತದೆ.

ಹಳೆಯ ಪುಸ್ತಕ ನೋಡಿ 'ಹೋಮ್‌ಗ್ರೂಪ್' (ಮನೆಯ ಕಂಪ್ಯೂಟರ್‌ಗಳ ನಡುವೆ ಹಂಚಿಕೊಳ್ಳುವ ಹಳೆಯ ಸೌಲಭ್ಯ) ಹುಡುಕುತ್ತಾ ಕೂರಬೇಡಿ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದಲೇ ಅದನ್ನು ತೆಗೆದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನ ಮಾತು. ನಿಮ್ಮ ಪ್ರಿಂಟರಿಗೆ ವೈಫೈ ಅಥವಾ ನೆಟ್‌ವರ್ಕ್ ಕೇಬಲ್ ಜಾಗ ಇದ್ದರೆ ಅದನ್ನು ನೇರ ರೌಟರಿಗೇ ಸೇರಿಸಿ. ನಡುವಿನ ಕಂಪ್ಯೂಟರೇ ಬೇಡ. ಅದರ ನಿದ್ದೆ, ಅದರ ಪಾಸ್‌ವರ್ಡ್, ಅದರ ಫೈರ್‌ವಾಲ್, ಮೂರೂ ಚಿಂತೆ ಒಟ್ಟಿಗೇ ಹೋಗುತ್ತವೆ. ಮೊಬೈಲ್‌ನಿಂದಲೂ ಪ್ರಿಂಟ್ ಕೊಡಬಹುದು. ಏರ್‌ಪ್ರಿಂಟ್ (ಆಪಲ್‌ನ ಪ್ರಿಂಟ್ ಸೌಲಭ್ಯ) ಇರುವ ಪ್ರಿಂಟರ್ ಆದರೆ ಮ್ಯಾಕ್, ಐಫೋನ್‌ಗಳಿಗೆ ಡ್ರೈವರ್ ಹಾಕುವ ಕೆಲಸವೂ ಇಲ್ಲ. ಒಂದು ವಿಷಯ ನೆನಪಿರಲಿ, ಬಹಳಷ್ಟು ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. 5 ಗಿಗಾಹರ್ಟ್ಸ್ ಹೆಸರು ಅದರ ಪರದೆಯಲ್ಲಿ ಬರದಿದ್ದರೆ ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಹೀಗೆ ಸೇರಿಸಿದ ಪ್ರಿಂಟರ್ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಕಾಣೆಯಾದರೆ, ರೌಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ. ಕಂಪ್ಯೂಟರ್ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೌಟರಿನ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಅಂತ ಇರುತ್ತದೆ, ಅಲ್ಲಿ ಪ್ರಿಂಟರಿಗೆ ಒಂದು ವಿಳಾಸ ಕಾಯಂ ಮಾಡಿ. ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ (ಕಂಪ್ಯೂಟರ್ ಪ್ರಿಂಟರನ್ನು ತಲುಪುವ ದಾರಿ) ನೋಡಿ. ಅಲ್ಲಿ ಡಬ್ಲ್ಯುಎಸ್‌ಡಿ (ವಿಂಡೋಸ್ ತಾನೇ ಹುಡುಕಿ ಮಾಡಿಕೊಂಡ ಪೋರ್ಟ್) ಅಂತ ಇದ್ದರೆ, ಆ ಕಾಯಂ ವಿಳಾಸ ಕೊಟ್ಟು 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ' ಪೋರ್ಟ್ ಮಾಡಿಕೊಳ್ಳಿ. ಪ್ರಿಂಟರ್ ಎದ್ದಿದ್ದರೂ ಸುಮ್ಮನೆ 'ಆಫ್‌ಲೈನ್' ತೋರಿಸುತ್ತಿದ್ದರೆ ಅದೇ ಪೋರ್ಟಿನ ಸೆಟ್ಟಿಂಗ್‌ನಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್' (ಪ್ರಿಂಟರಿನ ಸ್ಥಿತಿ ಕೇಳುವ ವ್ಯವಸ್ಥೆ) ಟಿಕ್ ತೆಗೆದು ನೋಡಿ.

ಕೆಲಸ ಆದ ಮೇಲೆ ಒಂದು ಚೀಟಿಯಲ್ಲಿ ಪ್ರಿಂಟರಿನ ಐಪಿ ವಿಳಾಸ, ಶೇರ್ ಹೆಸರು, ಅದು ಯಾವ ವೈಫೈನಲ್ಲಿದೆ ಅನ್ನುವುದು, ಇವತ್ತಿನ ತಾರೀಖು ಬರೆದು ಪ್ರಿಂಟರಿನ ಬದಿಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ. ರೌಟರ್ ಬದಲಾದ ದಿನ ಚೀಟಿಯನ್ನೂ ಬದಲಿಸಿ.