ಸಕ್ಕರೆ ಕಾಯಿಲೆಗೆ ಪರಿಮಳದ ಕಷಾಯ: ತಟ್ಟೆ ಮುಚ್ಚಿ ಕುದಿಸಿ, ತೂಕ ನೋಡಿ ಹಾಕಿ

ಜೋಳದ ರೊಟ್ಟಿಯ ಪಿಷ್ಟವನ್ನು ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವುದು ಅಮೈಲೇಸ್, ಗ್ಲುಕೋಸಿಡೇಸ್ ಎಂಬ ಕಿಣ್ವಗಳು. ದಾಲ್ಚಿನ್ನಿ, ತುಳಸಿಯಂಥ ಪರಿಮಳದ ಗಿಡಗಳ ಸಾರ ಪ್ರಯೋಗಾಲಯದ ನಳಿಕೆಯಲ್ಲಿ ಇವುಗಳ ವೇಗ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಮಾಡುವುದೂ ಇದೇ ಕೆಲಸ. ಕೊಬ್ಬು ಒಡೆಯುವ ಲೈಪೇಸ್ ಕಿಣ್ವವನ್ನೂ ಕೆಲವು ಸಾರಗಳು ತಡೆಯುವುದರಿಂದ ಬೊಜ್ಜಿನ ಸಂಶೋಧನೆಯಲ್ಲೂ ಇವುಗಳ ಹೆಸರಿದೆ. ಆದರೆ ನಳಿಕೆಗೆ ಹಾಕುವುದು ಹೆಚ್ಚಾಗಿ ಆಲ್ಕೋಹಾಲಿನಲ್ಲಿ ತೆಗೆದು ಗಟ್ಟಿ ಮಾಡಿದ ಸಾರ, ಮನೆಯ ಲೋಟದಲ್ಲಿ ಅಷ್ಟಿರುವುದಿಲ್ಲ. ಕಷಾಯ ಏನಿದ್ದರೂ ಮಾತ್ರೆಯ ಜೊತೆಗೆ, ಮಾತ್ರೆ ಬಿಟ್ಟು ಅಲ್ಲ.

ಮೊದಲು ಚಕ್ಕೆ ನೋಡಿ ಕೊಳ್ಳಿ. ಕಿರಾಣಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಪದರ. ಸಿಂಹಳದ ದಾಲ್ಚಿನ್ನಿ ಬೀಡಿಯ ಎಲೆಯಷ್ಟು ತೆಳು, ಪದರದೊಳಗೆ ಪದರ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅದು ಅತಿಯಾದರೆ ಯಕೃತ್ತಿಗೆ ಪೆಟ್ಟು. ಯುರೋಪಿನ ಮಿತಿಯ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. 60 ಕಿಲೋ ತೂಕದವರು ದಿನವೂ 2 ಗ್ರಾಂ ಕ್ಯಾಸಿಯಾ ಪುಡಿ ನುಂಗಿದರೆ ಆ ಮಿತಿ ಮುಟ್ಟಿಬಿಡುತ್ತದೆ. ಚಹಾ ಚಮಚದ ತುಂಬ ಪುಡಿ ಎಂದರೆ ಸುಮಾರು ಎರಡೂವರೆ ಗ್ರಾಂ! ಕ್ಯಾಸಿಯಾ ಆದರೆ 1 ಗ್ರಾಂ ದಾಟಬೇಡಿ.

ಒಬ್ಬರಿಗೆ ಬೇಕಾದ್ದು 250 ಮಿ.ಲೀ. ನೀರು, 1 ಗ್ರಾಂ ಚಕ್ಕೆ, 8–10 ತುಳಸಿ ಎಲೆ, ಒಂದು ಗೇಣು ಮಜ್ಜಿಗೆ ಹುಲ್ಲು (ಬೆಳಗಾವಿ ಕಡೆಯ ಗವತಿ ಚಹಾ). ಚಕ್ಕೆಯನ್ನು ಕುಟ್ಟಿ ಚೂರು ಮಾಡಿ, ನುಣ್ಣಗೆ ಅಲ್ಲ. ಪುಡಿ ಬಿಸಿನೀರಿಗೆ ಬಿದ್ದರೆ ಲೋಳೆಯಾಗಿ ಜರಡಿ ಕಟ್ಟುತ್ತದೆ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಚಕ್ಕೆ ಹಾಕಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ. ಒಲೆ ಆರಿಸಿ. ಆಮೇಲೆಯೇ ತುಳಸಿ, ಹುಲ್ಲು ಹಾಕಿ ಮತ್ತೆ ಮುಚ್ಚಿ 10 ನಿಮಿಷ ಬಿಡಿ.

ಹೆಚ್ಚಿನವರು ಕೆಡಿಸುವುದು ಇಲ್ಲೇ. ತುಳಸಿಯ ಯೂಜಿನಾಲ್, ಹುಲ್ಲಿನ ಸಿಟ್ರಾಲ್ ಹಬೆಯ ಜೊತೆ ಹಾರುವ ಎಣ್ಣೆಗಳು. ಪಾತ್ರೆ ತೆರೆದಿಟ್ಟು ಕಾಲು ಗಂಟೆ ಕುದಿಸಿದರೆ ಅಡುಗೆಮನೆಯೆಲ್ಲ ಘಮ್ ಎನ್ನುತ್ತದೆ, ಲೋಟಕ್ಕೆ ಬರುವುದು ಬಣ್ಣದ ನೀರು. ತಟ್ಟೆಯ ಕೆಳಗೆ ಕಟ್ಟಿದ ಹನಿಗಳನ್ನೂ ಪಾತ್ರೆಗೇ ಬಗ್ಗಿಸಿ. ಹಾಗೆಂದು ಬಾಟಲಿಯಲ್ಲಿ ಮಾರುವ ಸುಗಂಧ ತೈಲವನ್ನು ನೀರಿಗೆ ಹಾಕಿ ಕುಡಿಯಲೇಬೇಡಿ. ಕೆಲವೇ ಹನಿಗಳಲ್ಲಿ ರಾಶಿ ಎಲೆಯ ಎಣ್ಣೆ ಇರುತ್ತದೆ. ಬೆಲ್ಲವಂತೂ ಬೇಡ, ಸಾವಯವ ಬೆಲ್ಲವೂ ಸಕ್ಕರೆಯೇ.

ದೇಹತೂಕದ ಲೆಕ್ಕದಲ್ಲಿ ಕಷಾಯದ ಖಚಿತ ಲಾಭ ಇನ್ನೊಂದಿದೆ. ಎರಡು ಚಮಚ ಸಕ್ಕರೆಯ ಚಹಾ ನಾಲ್ಕು ಸಲ ಕುಡಿಯುವವರಿಗೆ ಸಕ್ಕರೆಯಿಂದಲೇ ದಿನಕ್ಕೆ ಸುಮಾರು 160 ಕ್ಯಾಲರಿ. ಆ ಚಹಾದ ಜಾಗಕ್ಕೆ ಕಷಾಯ ಬಂದರೆ ಅಷ್ಟೂ ಉಳಿಯಿತು.

ನಮಗೆ ಹೆಚ್ಚು ಭರವಸೆ ಇರುವುದು ಮೆಂತೆಯ ಮೇಲೆ. ಅದರ ಅಂಟು ನಾರು ಹೊಟ್ಟೆಯಲ್ಲಿ ಉಬ್ಬಿ, ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಕುಡಿದು ಕಾಳು ಎಸೆಯುವವರು ನಾರನ್ನೇ ಎಸೆದಂತೆ. ಕಾಳು ಅಗಿದು ತಿನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ 25ರಿಂದ 100 ಗ್ರಾಂ. ಒಂದು ಚಹಾ ಚಮಚ ಸುಮಾರು 4 ಗ್ರಾಂ ಅಷ್ಟೇ. ಒಂದು ಚಮಚದಿಂದ ಶುರು ಮಾಡಿ, ವಾರ ಬಿಟ್ಟು ಎರಡಕ್ಕೆ ಏರಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ. ಮಾತ್ರೆಗೂ ಮೆಂತೆಗೂ ಎರಡು ತಾಸು ಅಂತರವಿರಲಿ, ನಾರು ಮಾತ್ರೆಯನ್ನೂ ತಡೆಯುತ್ತದೆ.

ಫಲ ತಿಳಿಯಲು ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಬೇಕು. ಮೂರು ದಿನ ಮೆಂತೆಯಿಲ್ಲದೆ, ಮೂರು ದಿನ ಮೆಂತೆ ತಿಂದು, ಅದೇ ಎರಡು ರೊಟ್ಟಿ, ಅದೇ ಪಲ್ಯ. ಮೊದಲ ತುತ್ತಿಗೆ ಮುಂಚೆ ಮತ್ತು ಎರಡು ತಾಸಿನ ನಂತರ ನೋಡಿ ಬರೆದಿಡಿ. ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಬಾಳೆಹಣ್ಣು ಅಂಟಿದ್ದರೂ ಅಂಕಿ ಜಿಗಿಯುತ್ತದೆ. ಯಂತ್ರಕ್ಕೇ ಶೇ. 15ರಷ್ಟು ಏರುಪೇರಿಗೆ ಅವಕಾಶವಿದೆ, 180 ಇದ್ದದ್ದು 170 ಆದರೆ ಇಳಿದಿದೆ ಎನ್ನಲಾಗದು. ರಕ್ತದ ಹನಿ ಹಾಕುವ ಪಟ್ಟಿಗಳಲ್ಲಿ (ಸ್ಟ್ರಿಪ್) ಹೆಚ್ಚಿನವನ್ನು 30 ಡಿಗ್ರಿಯೊಳಗೆ ಇಡಬೇಕು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟರೆ ಕೆಟ್ಟು ತಪ್ಪು ಅಂಕಿ ತೋರಿಸುತ್ತವೆ.

ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಯಕೃತ್ತಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಕಷಾಯ, ಮೆಂತೆ ಆರಂಭಿಸಬೇಕು. ಬಸುರಿಯರಿಗೆ ಇವೆರಡೂ ಬೇಡ. ಬೆವರು, ನಡುಕ, ಕಣ್ಣು ಕತ್ತಲೆ ಬಂದು ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.