ಕೋಡ್ ಬಾರದಿದ್ದರೂ ಕೈಪಿಡಿ ತಿದ್ದಬಹುದು

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹುಯ್ಯುವವರನ್ನು ಕೇಳಿ ನೋಡಿ. ಅಕ್ಕಿ, ಉದ್ದು, ಮಂಡಕ್ಕಿ ಎಲ್ಲ ಹೇಳುತ್ತಾರೆ. ಕೊನೆಗೆ ‘ಹಿಟ್ಟು ಹದಕ್ಕೆ ಬಂದಾಗ ಹುಯ್ಯಿರಿ’ ಎನ್ನುತ್ತಾರೆ. ಆ ಹದ ಹೇಗಿರುತ್ತದೆ ಅಂತ ಹೊಸಬರಿಗೆ ಗೊತ್ತಾಗಬೇಕಲ್ವಾ? ಸಾಫ್ಟ್‌ವೇರ್ ಕೈಪಿಡಿಗಳಲ್ಲೂ ಹೀಗೇ ಆಗುತ್ತದೆ. ಬರೆದವರಿಗೆ ಎಲ್ಲ ಗೊತ್ತು, ಹಾಗಾಗಿ ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗುತ್ತದೆ. ಅದು ಕಾಣುವುದು ಎಡವಿದವರಿಗೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಒಳಗೆ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್‌ಗಳ ಕೈಪಿಡಿ ತಿದ್ದಲು ಡಿಟಿಪಿ ಅಂಗಡಿಯವರು, ಮೇಷ್ಟ್ರು, ಗುಮಾಸ್ತರು ಬೇಕೇ ಬೇಕು.

ಎಡವಿದ ದಿನವೇ ಬರೆದಿಟ್ಟುಕೊಳ್ಳಿ. ಒಮ್ಮೆ ಕಲಿತ ಮೇಲೆ ಎಲ್ಲಿ ಕಷ್ಟವಾಯಿತು ಎಂಬುದೇ ಮರೆತುಹೋಗುತ್ತದೆ. ಲಿಬ್ರೆಆಫೀಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ಪತ್ರ, ಅರ್ಜಿ ಟೈಪ್ ಮಾಡುವ ಭಾಗವಾದ ರೈಟರ್‌ನಲ್ಲಿ ಕನ್ನಡ ಫಾಂಟ್ ಕೂರಿಸಲು ಹೊರಟಿರಿ ಎನ್ನಿ. ಕನ್ನಡದ ಆಯ್ಕೆ ಇರುವುದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಹೆಸರಿನ ಕೆಳಗೆ. ಇದು ಯಾರಿಗೆ ಹೊಳೆಯುತ್ತದೆ? ಏನು ಹುಡುಕಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಏನು ಮಾಡಿದ ಮೇಲೆ ಸರಿಹೋಯಿತು, ಇಷ್ಟು ಬರೆದರೆ ಅರ್ಧ ಕೆಲಸ ಮುಗಿಯಿತು.

ಮುಂದೆ ತಿದ್ದುವುದು. ಬಹಳಷ್ಟು ಓಪನ್ ಸೋರ್ಸ್ ಯೋಜನೆಗಳ ಕೈಪಿಡಿ ಗಿಟ್‌ಹಬ್‌ನಲ್ಲಿರುತ್ತದೆ. ಕೋಡ್, ಕೈಪಿಡಿಗಳನ್ನು ಇಟ್ಟು ಹಲವರು ಸೇರಿ ತಿದ್ದುವ ಜಾಲತಾಣ ಅದು. ಇಮೇಲ್ ಕೊಟ್ಟು ಉಚಿತ ಖಾತೆ ತೆರೆಯಿರಿ. ಬೇಕಾದ ಪುಟ ತೆರೆದು ಪೆನ್ಸಿಲ್ ಗುರುತು ಒತ್ತಿ. ‘ಫೋರ್ಕ್’ ಮಾಡಲು ಕೇಳುತ್ತದೆ. ಹೆದರಬೇಡಿ, ನಿಮ್ಮ ಹೆಸರಿನಲ್ಲಿ ಒಂದು ನಕಲು ತಯಾರಾಗುತ್ತದೆ ಅಷ್ಟೇ. ಮೂಲಕ್ಕೆ ಏನೂ ಆಗುವುದಿಲ್ಲ. ಸಾಲಿನ ಮೊದಲಿಗೆ # ಇದ್ದರೆ ಅದು ತಲೆಬರಹ. ಎರಡೆರಡು ನಕ್ಷತ್ರದ ನಡುವೆ ಇರುವುದು ದಪ್ಪಕ್ಷರ. ಗುರುತುಗಳನ್ನು ಹಾಗೇ ಬಿಟ್ಟು ಮಾತು ಮಾತ್ರ ತಿದ್ದಿ. ಏನು ಬದಲಿಸಿದಿರಿ, ಏಕೆ ಎಂದು ಎರಡು ಸಾಲು ಬರೆದು ‘ಪುಲ್ ರಿಕ್ವೆಸ್ಟ್’ ಕಳಿಸಿ. ‘ನನ್ನ ತಿದ್ದುಪಡಿ ನೋಡಿ, ಒಪ್ಪಿದರೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ ಅದು. ಯೋಜನೆ ನೋಡಿಕೊಳ್ಳುವವರು ಏನಾದರೂ ಬದಲಿಸಲು ಹೇಳಿದರೆ ಬೇಸರ ಬೇಡ. ನಿಮ್ಮ ಬರಹವನ್ನು ಗಮನವಿಟ್ಟು ಓದಿದ್ದಾರೆ ಎಂದು ತಿಳಿಯಿರಿ.

ಇದೂ ಜಾಸ್ತಿ ಅನ್ನಿಸಿದರೆ ಗಿಟ್‌ಹಬ್‌ನಲ್ಲೇ ‘ಇಶ್ಯೂ’ ಎಂಬಲ್ಲಿ ತೊಂದರೆಯನ್ನಷ್ಟೇ ಬರೆಯಿರಿ. ಲಿಬ್ರೆಆಫೀಸ್‌ನ ಮಾರ್ಗದರ್ಶಿ ಪುಸ್ತಕಗಳಂತೂ ರೈಟರ್‌ನಲ್ಲೇ ತಯಾರಾಗುತ್ತವೆ. ದಿನವೂ ಅರ್ಜಿ ಟೈಪ್ ಮಾಡುವವರಿಗೆ ಅದು ಕೈಗೆ ಒಗ್ಗಿದ ಕೆಲಸ.

ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ನಿಮ್ಮ ಸಾಫ್ಟ್‌ವೇರ್ ಯೋಜನೆಯ ಕೈಪಿಡಿಯ ಪ್ರತಿ ಪುಟದ ಕೆಳಗೂ ‘ಈ ಪುಟ ತಿದ್ದಿ’ ಎಂಬ ಕೊಂಡಿ ಇಡಿ. ಒಂದು ಕಾಗುಣಿತ ಸರಿಮಾಡಲು ಕಂಪ್ಯೂಟರಿಗೆ ಹತ್ತು ಸಾಫ್ಟ್‌ವೇರ್ ಹಾಕಿಕೊಳ್ಳಿ ಎನ್ನಬೇಡಿ. ಮನೆಯಲ್ಲಿ ಅಮ್ಮನೋ ಚಿಕ್ಕಪ್ಪನೋ ತಿದ್ದಲು ಕೂತರೆ ಮೊದಲ ಸಲ ಪಕ್ಕದಲ್ಲೇ ಇರಿ. ಮೌಸ್ ಮಾತ್ರ ಅವರ ಕೈಯಲ್ಲೇ ಇರಲಿ.